ಎಂಟು ಬೆರಳಿನ ಹೆಸ್ಟರ್

"ಅಷ್ಟು ಜೋರಾಗಿ ಬಗ್ಗಿಸ್ತಾರಾ? ಅದೇನು ನಿನ್ನ ಹಳೇ ಶತ್ರುವಾ?"

ಹೆಸ್ಟರ್ ಗದರಿದ ಕೂಡಲೇ ರೋರಿ ಟೊಮೇಟೊ ಗಿಡದ ಕುಡಿಯನ್ನು ಬಿಟ್ಟುಬಿಟ್ಟ. ಸೇಬು ಬೆಳೆಯುವ ಹ್ಯೂಆನ್ ಕಣಿವೆಯಲ್ಲಿ, ಊರವರೆಲ್ಲ ಸೇರಿ ನಡೆಸುವ ಊರತೋಟದಲ್ಲಿ ಅದು ಅವನ ಮೊದಲ ಶನಿವಾರ. ಮಣ್ಣು ತುಂಬಿದ, ಸೊಂಟದೆತ್ತರದ ತಗಡಿನ ಏರುಮಡಿಗಳ ನಡುವೆ ಅವಳು ನಿಂತಿದ್ದಳು. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.

"ಇವತ್ತು ಒಂದಿಷ್ಟು, ನಾಳೆ ಒಂದಿಷ್ಟು ಬಗ್ಗಿಸ್ಬೇಕು. ಆಗ ಗಿಡ ಮಲಗುತ್ತೆ, ಎಲ್ಲ ಕವಲಿಗೂ ಬಿಸಿಲು ಸಿಗುತ್ತೆ," ಎಂದು ರಬ್ಬರ್ ಹೊದಿಕೆಯ ಮೆತ್ತನೆ ತಂತಿಯನ್ನು ಅವನ ಕೈಗಿತ್ತಳು. "ಹೆಸರೇನು ನಿಂದು?"

"ರೋರಿ."

ಅವಳು ಅರೆಗಳಿಗೆ ಅವನನ್ನೇ ನೋಡಿದಳು. ಆಮೇಲೆ ನಕ್ಕಳು.

ಮುಂದಿನ ವಾರ ಅವನು ಒಂದು ಕೊಕ್ಕೆ ಮಾಡಿ ತಂದ. ಮಡಿಯ ಅಂಚಿಗೆ ಸಿಕ್ಕಿಸಿ, ಬರೀ ಹೆಬ್ಬೆರಳಿನಿಂದ ತಂತಿ ಬಿಗಿಯಬಹುದಿತ್ತು.

"ನಂಗೋಸ್ಕರ ಮಾಡಿದ್ದಾ?"

"ಗಿಡಕ್ಕೋಸ್ಕರ."

"ಸುಳ್ಳುಗಾರ!" ಎಂದಾಗ ಅವಳ ಕೆನ್ನೆ ಕೆಂಪೇರಿತ್ತು.

ರೋರಿ ಬಚ್ಚಿಟ್ಟ ಸುಳ್ಳೇ ಬೇರೆ. ಹನ್ನೊಂದು ವರ್ಷದ ಹಿಂದೆ ಸೇಬು ತುಂಬುವ ಶೆಡ್ಡಿನಲ್ಲಿ, ಗೆಳೆಯನ ಜೊತೆ ಹರಟುತ್ತ, ಅಡ್ಡಗೋಡೆಯಾಚೆ ಯಾರಿದ್ದಾರೆಂದು ನೋಡದೆ ಬೆಲ್ಟ್ ಯಂತ್ರದ ಸ್ವಿಚ್ ಹಾಕಿದವನು ಅವನೇ. ಬೆಲ್ಟಿಗೆ ಬೆರಳು ಸಿಕ್ಕ ಹೆಸ್ಟರಳ ಕಿರುಚಾಟ ಕೇಳಿತ್ತು, ಅವಳ ಮುಖ ನೋಡುವ ಧೈರ್ಯವಾಗದೆ ಆ ವಾರವೇ ಊರು ಬಿಟ್ಟಿದ್ದ. ಋಣ ತೀರಿಸಲೆಂದು ಅವಳನ್ನು ಹುಡುಕಿ ಬಂದವನು ಅವಳ ನಗೆಗೆ ಸೋತುಹೋದ.

ಗಿಡ ಕಟ್ಟುವಾಗಲೆಲ್ಲ ಅವಳು ಅದೇ ದಿನದ ಕಥೆ ತೆಗೆಯುತ್ತಿದ್ದಳು. "ಯಾರೋ ಸ್ವಿಚ್ ಹಾಕಿದ. ಯಾರಿರಬಹುದು ಅಂತೀಯಾ?" ಎಂದು ಮೊಂಡುಗೈಯನ್ನು ಅವನ ಅಂಗೈಯಲ್ಲಿಡುತ್ತಿದ್ದಳು. "ಮುಟ್ಟು, ನೋಯಲ್ಲ."

ಅವನು ಮುಟ್ಟುತ್ತಿದ್ದ. ಬಾಡಿದ ಮುಖ ತಿರುಗಿಸಿ ಮತ್ತೆ ತಂತಿ ಬಿಗಿಯುತ್ತಿದ್ದ.

ಜನವರಿಯ ಒಂದು ಮಧ್ಯಾಹ್ನ ಅವಳೇ ಅವನಿಗೆ ಮುತ್ತಿಟ್ಟಳು. ಅವನ ಕತ್ತಿನ ಮೇಲೆ ಟೊಮೇಟೊ ಎಲೆಯ ಹಸಿರು ಕಲೆ ಉಳಿಯಿತು. ಅಂದೂ ಅವನು ಬಾಯಿ ಬಿಡಲಿಲ್ಲ.

ಮಾರ್ಚಿನಲ್ಲಿ ಕೊನೆಯ ಹಣ್ಣು ಕೀಳುವಾಗ ತಡೆಯಲಾಗಲಿಲ್ಲ. "ಹೆಸ್ಟರ್, ನಿನ್ನನ್ನ ಮದುವೆ ಆಗ್ಬೇಕು ಅಂತಿದೀನಿ. ಅದಕ್ಕೆ ಮೊದ್ಲು ಒಂದು ಮಾತು... ಆ ಸ್ವಿಚ್ ಹಾಕಿದ್ದು ನಾನು."

ಅವಳು ಹಣ್ಣು ಕೀಳುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಯಾವಾಗಿಂದ?"

"ನೀನು ಹೆಸರು ಹೇಳಿದ ದಿನದಿಂದ. ಸ್ವಿಚ್ ಹಾಕಿದವನ ಹೆಸರು ಆಗ್ಲೇ ಕೇಳಿದ್ದೆ. ಆ ವಾರ ಊರು ಬಿಟ್ಟು ಓಡಿದ ರೋರಿ ಒಬ್ಬನೇ ತಾನೇ?"

"ಮತ್ತೆ ವಾರವಾರ ನನ್ನೆದುರೇ ಆ ಕಥೆ..."

"ನೀನಾಗೇ ಹೇಳ್ಲಿ ಅಂತ ಕಾದೆ. ಬಂದ ಹೊಸದ್ರಲ್ಲಿ, ಡಿಸೆಂಬರಲ್ಲೇ ಹೇಳಿದ್ರೆ ಒಂದಿನ ಅತ್ತು ಕ್ಷಮಿಸಿಬಿಡ್ತಿದ್ದೆ. ಆಮೇಲೆ ಏನಾಯ್ತು ಗೊತ್ತಾ? ನಿನ್ನ ಮುಖ ಬಾಡೋದು ನೋಡೋಕೆ ಖುಷಿ ಆಗೋಕೆ ಶುರುವಾಯ್ತು. ಶನಿವಾರಕ್ಕೆ ಕಾಯ್ತಿದ್ದೆ. ಒಂದೇ ಮನೇಲಿದ್ರೆ ಜೀವಮಾನ ಪೂರ್ತಿ ಇದನ್ನೇ ಮಾಡ್ತೀನಿ."

"ಮಾಡು. ನಾನು ತಡ್ಕೋತೀನಿ."

"ನೀನು ತಡ್ಕೋತೀಯ ಕಣೋ. ನಾನು ಏನಾಗಿಬಿಡ್ತೀನಿ?" ಅವಳು ಗಿಡದತ್ತ ತಿರುಗಿ ಬೆನ್ನು ಹಾಕಿದಳು. "ಹೊರಡು, ರೋರಿ. ಇನ್ನು ಬರಬೇಡ."

ಅವನು ತೋಟದ ಬಾಗಿಲ ತನಕ ನಡೆದು ತಿರುಗಿದ. "ನನ್ನ ಪ್ರೀತಿ ಸುಳ್ಳಾಗಿರ್ಲಿಲ್ಲ."

ಅವಳು ಬೆನ್ನು ಹಾಕಿಯೇ ನಿಂತಿದ್ದಳು. ಭುಜಗಳು ಅಲುಗುತ್ತಿದ್ದವು.

"ಅದೂ ಗೊತ್ತು. ಸುಳ್ಳಾಗಿದ್ರೆ ನಿನ್ನನ್ನ ಇಷ್ಟು ನೋಯಿಸೋಕೆ ಆಗ್ತಿತ್ತಾ?"