ಅವಳು ಓದದ ಚೀಟಿ

ಹದಿನೇಳನೆಯ ಅಧ್ಯಾಯದ ನಡುವೆ ಅವಳು ತನ್ನ ಉಸಿರನ್ನೇ ಕತ್ತರಿಸುತ್ತಿದ್ದಳು.

ಅದೇ ಅವಳ ಕಸುಬು. ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಕೆಮ್ಮು, ಎಂಜಲು ನುಂಗಿದ ಸದ್ದು, ಉದ್ದನೆಯ ಉಸಿರು ಎಲ್ಲವನ್ನೂ ಒಂದೊಂದಾಗಿ ತೆಗೆದುಹಾಕುವುದು. ಅಕ್ಕನ ಮನೆಯ ಹಿಂದಿನ ಪುಟ್ಟ ಕೋಣೆ, ಗೋಡೆಗೆ ಹಳೆಯ ಕಂಬಳಿಗಳು, ಒಂದು ಮೈಕು. ಅಷ್ಟೇ ಅವಳ ರಾಜ್ಯ.

ಉಸಿರನ್ನು ಕತ್ತರಿಸಬಹುದು. ಆದರೆ ಅದರ ಹಿಂದೆ ಸದಾ ಗುಂಯ್ಯೆನ್ನುವ ಕಂಪ್ಯೂಟರಿನ ಫ್ಯಾನಿನ ಸದ್ದನ್ನು?

"ನಿಮ್ಮ ಧ್ವನಿ ಚೆನ್ನಾಗಿದೆ, ಆದರೆ ಅದರ ಹಿಂದೆ ಒಂದು ಜೇನುಗೂಡಿದೆ," ಎಂದು ಪ್ರಕಾಶಕರು ಎರಡು ಸಲ ಬರೆದಿದ್ದರು. ಮೂರನೆಯ ಸಲ ಬರೆಯುವುದಿಲ್ಲ, ಕೆಲಸವನ್ನೇ ಬೇರೆಯವರಿಗೆ ಕೊಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಯಿತು.

"ಅಯ್ಯೋ... ಈಗಲೇ ಕೈ ಕೊಡಬೇಕಿತ್ತಾ!"

ಹಳೆಯ ಕಂಪ್ಯೂಟರನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ, ಮಗುವಿನಂತೆ ಎತ್ತಿಕೊಂಡು ಅವಳು ಮುಖ್ಯರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋದಳು. ಅಂಗಡಿಯವನು ನಲವತ್ತೈದರ ಆಸುಪಾಸಿನವನು. ಮೂಗಿನ ತುದಿಗೆ ಜಾರಿದ ಕನ್ನಡಕ, ಅಂಗಿಯ ಜೇಬಿನಲ್ಲಿ ಮೂರು ಸ್ಕ್ರೂಡ್ರೈವರು. ಚಾದರ ಬಿಚ್ಚಿ, ಪೆಟ್ಟಿಗೆಗೆ ಕಿವಿಯಿಟ್ಟು, ಸ್ವಿಚ್ ಒತ್ತಿ, ಫ್ಯಾನಿನ ಸದ್ದು ಆಲಿಸಿ ಕೇಳಿದ.

"ಎಷ್ಟು ವರ್ಷದಿಂದ ಇದರ ಬೈಗುಳ ಕೇಳ್ತಿದೀರಾ?"

ಅವಳಿಗೆ ನಗು ಬಂತು. ಅಪರಿಚಿತನೆದುರು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ! ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದಳು.

"ನನಗೆ ಸದ್ದು ಮಾಡದ ಕಂಪ್ಯೂಟರ್ ಬೇಕು. ಓದೋ ಕೆಲಸ ನನ್ನದು... ರೆಕಾರ್ಡಿಂಗು."

"ರೆಡಿಮೇಡ್ ತಗೊಂಡ್ರೆ ನಾಳೆನೇ ಸಿಗುತ್ತೆ. ಆದ್ರೆ ಒಳಗೆ ಯಾವ ಫ್ಯಾನ್ ಹಾಕಿರ್ತಾರೋ ಅವರಿಗೇ ಗೊತ್ತು. ನೀವೇ ಒಂದೊಂದು ಭಾಗ ಆರಿಸಿ ಜೋಡಿಸಿದ್ರೆ, ನಿಮ್ಮ ಉಸಿರು ನಿಮಗೇ ಕೇಳಿಸೋ ಅಷ್ಟು ನಿಶ್ಶಬ್ದ."

"ನಾನಾ? ಜೋಡಿಸೋದಾ?"

"ಕೈ ಇದೆಯಲ್ಲ ಮೇಡಂ, ಎರಡೂ!"

ಮನೆಯಲ್ಲಿ ವಿಷಯ ತಿಳಿದಾಗ ಭಾವ ಪೇಪರು ಮಡಚಿಟ್ಟರು.

"ಷೋರೂಮಿಗೆ ಹೋಗು, ಡಬ್ಬಿ ತಗೋ, ಪ್ಲಗ್ ಹಾಕು. ಮುಗೀತು! ಕೆಟ್ಟರೆ ಕೇಳೋಕೆ ಕಂಪನಿ ಇರುತ್ತೆ. ಇದನ್ನ ನೀನು ಆರಿಸ್ತೀಯಾ? ನಿನ್ನ ಆಯ್ಕೆ ಹೇಗಿರುತ್ತೆ ಅಂತ ನಮಗೆ ಗೊತ್ತಿಲ್ವಾ ಪುಟ್ಟಿ!"

ನಲವತ್ತೊಂದು ವರ್ಷದ ಹೆಣ್ಣು ಆ ಮನೆಯಲ್ಲಿ ಇನ್ನೂ ಪುಟ್ಟಿಯೇ. ಹಟ ಹಿಡಿದು ತಾನೇ ಆರಿಸಿಕೊಂಡ ಗಂಡ ಮೂರೇ ವರ್ಷಕ್ಕೆ ಬಿಟ್ಟುಹೋದ ಮೇಲೆ, ಆ ಮನೆಯಲ್ಲಿ ಕಿಟಕಿ ಪರದೆಯ ಬಣ್ಣದ ಮಾತು ಬಂದರೂ ಭಾವನ ಬಾಯಲ್ಲಿ ಅದೇ ಮಾತು. ಅಕ್ಕ "ಸುಮ್ನಿರಿ ಅಂದ್ರೆ," ಎನ್ನುತ್ತಿದ್ದಳು. ಆದರೆ ಅವಳ ತುಟಿಯಂಚಿನಲ್ಲೂ ನಗುವಿರುತ್ತಿತ್ತು.

ಪ್ರತಿ ಸಲವೂ ಅವಳ ಮುಖ ಬಿಸಿಯಾಗುತ್ತಿತ್ತು. ಪ್ರತಿ ಸಲವೂ ಅವಳು ಒಪ್ಪಿಕೊಂಡು ಸುಮ್ಮನಾಗುತ್ತಿದ್ದಳು.

ಈ ಸಲ ಮಾತ್ರ ಸುಮ್ಮನಾಗಲಿಲ್ಲ.

ನಾಲ್ಕು ಶನಿವಾರ ಅವಳು ಆ ಅಂಗಡಿಯ ಒಳಮೇಜಿನ ಮುಂದೆ ಕೂತಳು. ಅವನು ಫ್ಯಾನುಗಳನ್ನು ಒಂದೊಂದಾಗಿ ತಿರುಗಿಸುವುದು, ಅವಳು ಕಣ್ಣು ಮುಚ್ಚಿ ಕೇಳುವುದು.

"ಇದು?"

"ಮುಗಿಯದ ಗೊಣಗಾಟ. ಬೇಡ."

"ಇದು?"

"ಶೀತ ಆದವರ ಮೂಗು."

"ಮತ್ತೆ ಇದು?"

ಅವಳು ಕಣ್ಣು ಬಿಟ್ಟಳು. "ಎಲ್ಲಿ, ತಿರುಗಿಸಿ."

"ಆಗಲೇ ತಿರುಗ್ತಿದೆ," ಎಂದ ಅವನು. ಇಬ್ಬರೂ ಮುಖ ನೋಡಿಕೊಂಡರು...

ಮದರ್‌ಬೋರ್ಡನ್ನು ಅವಳೇ ಕೂರಿಸಿದಳು. ಮೆಮೊರಿಯ ಪಟ್ಟಿ ಟಕ್ಕೆಂದು ಕಚ್ಚಿಕೊಂಡಾಗ ಅವಳ ಎದೆಯಲ್ಲೂ ಏನೋ ಸರಿಯಾದ ಜಾಗಕ್ಕೆ ಬಂದು ಕೂತಂತಾಯಿತು. ಪೆಟ್ಟಿಗೆಯನ್ನು ಮನೆಗೆ ಒಯ್ಯುವ ಹೊತ್ತಿಗೆ ಉಳಿದದ್ದು ಕೂಲರ್ ಒಂದೇ. ಪ್ರೊಸೆಸರಿನ ಬಿಸಿಯನ್ನು ಹೀರಿಕೊಳ್ಳುವ ಲೋಹದ ಗಟ್ಟಿ ಅದು. ಅವಳಿಗೆ ಬೇಕಾದ ನಿಶ್ಶಬ್ದ ಮಾದರಿ ಮುಂದಿನ ವಾರ ಬರುವುದಿತ್ತು.

"ಅದು ಬಂದ ದಿನ ನಾನೇ ಮನೆಗೆ ತರ್ತೀನಿ. ಜೊತೆಗೆ ಕೂತು ಹಾಕೋಣ," ಎಂದ ಅವನು.

ಅವಳಿಗೆ ಭಾವನ ನಗು ಕಣ್ಣಿಗೆ ಕಟ್ಟಿತು. ತನ್ನ ಕೋಣೆಗೆ ಒಬ್ಬ ಗಂಡಸು... ಅಕ್ಕನ ಹುಬ್ಬು...

"ಬೇಡ ಬೇಡ! ನಾನೇ ಹಾಕ್ಕೋತೀನಿ."

ಅವನ ಮುಖ ತುಸು ಬಾಡಿತು. "ಸರಿ. ಡಬ್ಬಿ ಒಳಗೆ ಚೀಟಿ ಇರುತ್ತೆ, ಓದ್ಕೊಳ್ಳಿ."

ಪುಟಗಟ್ಟಲೆ ಓದಿ ಬದುಕುವವಳು ಆ ಒಂದು ಚೀಟಿಯನ್ನು ಓದಲಿಲ್ಲ. ಕೂಲರ್ ಬಂದ ದಿನ, ಮನೆಯವರು ಊಟಕ್ಕೆ ಕೂತ ಹೊತ್ತು ನೋಡಿ, ಅವಸರದಲ್ಲಿ ನಾಲ್ಕು ಸ್ಕ್ರೂ ಬಿಗಿದು ಸ್ವಿಚ್ ಒತ್ತಿದಳು. ಪರದೆ ಬೆಳಗಿತು! ಸದ್ದೇ ಇಲ್ಲ! ಅವಳು ಓಡಿಹೋಗಿ ಎಲ್ಲರನ್ನೂ ಕರೆದುಕೊಂಡು ಬಂದಳು.

"ನೋಡಿ ಭಾವ, ನಾನೇ ಜೋಡಿಸಿದ್ದು!"

ಭಾವ ಕನ್ನಡಕ ಏರಿಸುವಷ್ಟರಲ್ಲಿ ಕಂಪ್ಯೂಟರ್ ಆರಿಹೋಯಿತು. ಮತ್ತೆ ಹಚ್ಚಿದಳು. ಐದು ನಿಮಿಷಕ್ಕೆ ಮತ್ತೆ ಆರಿತು. ಮೂರನೆಯ ಸಲ ಎರಡೇ ನಿಮಿಷ.

ಭಾವ ಸುಮ್ಮನೆ ನಕ್ಕರು. ಬೈದಿದ್ದರೇ ವಾಸಿಯಿತ್ತು.

ಮರುದಿನ ಭಾವ ಅವಳನ್ನೂ ಆ ಪೆಟ್ಟಿಗೆಯನ್ನೂ ಕಾರಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋದರು. ಗಿರಾಕಿಗಳು ತುಂಬಿದ್ದರು. ಭಾವ ಬೆನ್ನ ಹಿಂದೆ ನಿಂತು, "ಕೇಳು. ಬಾಯಿ ಬಿಟ್ಟು ಕೇಳು," ಎಂದು ತಿವಿದರು. ಅವಳೊಳಗೆ ಇಪ್ಪತ್ತು ವರ್ಷದಿಂದ ಕುದಿಯುತ್ತಿದ್ದ ಅವಮಾನವೆಲ್ಲ ತಪ್ಪು ವಿಳಾಸ ಹುಡುಕಿಕೊಂಡು ಹೊರಬಿತ್ತು.

"ಒಂಟಿ ಹೆಂಗಸು, ಇವಳಿಗೇನು ಗೊತ್ತಾಗುತ್ತೆ ಅಂತ ಹಳೇ ಮಾಲು ಕೊಟ್ಟು ಮೋಸ ಮಾಡಿದ್ರಲ್ಲ ನೀವು! ನಗ್ತಾ ನಗ್ತಾ ಕೂರಿಸ್ಕೊಂಡು..."

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನು ಪೆಟ್ಟಿಗೆಯ ಬಾಗಿಲು ತೆರೆದ. ಕೂಲರ್ ಬಿಚ್ಚಿ, ತಲೆಕೆಳಗು ಮಾಡಿ ನೋಡಿದ. ಒಮ್ಮೆ ಅವಳ ಕಡೆ, ಒಮ್ಮೆ ಭಾವನ ಕಡೆ ಕಣ್ಣು ಹಾಯಿಸಿ, ಮುಷ್ಟಿ ಮುಚ್ಚಿಕೊಂಡ. ಸಣ್ಣಗೆ ಪರ್ ಎಂಬ ಸದ್ದಾಯಿತು.

"ತಪ್ಪು ನನ್ನದೇ," ಎಂದ. "ಭಾಗ ಪರೀಕ್ಷೆ ಮಾಡಿ ಕೊಡಬೇಕಿತ್ತು. ಎಲ್ಲಾ ವಾಪಸ್ ತಗೋತೀನಿ."

"ನೋಡಿದ್ಯಾ!" ಎಂದರು ಭಾವ, ಗೆದ್ದವರಂತೆ. ಅದೇ ಸಂಜೆ ಷೋರೂಮಿನ ಡಬ್ಬಿ ಮನೆಗೆ ಬಂತು. ಪ್ಲಗ್ ಹಾಕಿದರು. ಮುಗಿಯಿತು.

ಜೇನುಗೂಡು ಹೋಗಿ ಕಣಜದ ಗೂಡು ಬಂದಿತ್ತು, ಅಷ್ಟೇ. ಅವಳು ಅದರ ಮೇಲೆ ದಿಂಬು ಕವಿಚಿ ಓದತೊಡಗಿದಳು.

ಒಂದು ವಾರದ ಮೇಲೆ, ಓದುತ್ತಿದ್ದ ಪುಸ್ತಕದಿಂದ ಪುಟದ ಗುರುತಿಗೆಂದು ಸಿಕ್ಕಿಸಿದ್ದ ಕಾಗದವೊಂದು ಜಾರಿ ಬಿತ್ತು. ಕೂಲರಿನ ಚೀಟಿ! ಅಕ್ಷರ ಕಂಡರೆ ಓದುವ ಅಭ್ಯಾಸ. ಮೈಕಿನ ಮುಂದೆಯೇ ಗಟ್ಟಿಯಾಗಿ ಓದಿದಳು.

"ಜೋಡಿಸುವ ಮುನ್ನ ತಳಭಾಗಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಡ್ಡಾಯವಾಗಿ ತೆಗೆಯಿರಿ. ಇಲ್ಲವಾದರೆ ಪ್ರೊಸೆಸರ್ ಬಿಸಿಯಾಗಿ ಕಂಪ್ಯೂಟರ್ ಆರಿಹೋಗು..."

ಧ್ವನಿ ನಿಂತಿತು.

ತೆಗೆದಿದ್ದೆನಾ? ಇಲ್ಲ... ಇಲ್ಲ! ಆ ಪರ್ ಎಂಬ ಸದ್ದು! ಉಸಿರಿನ ಸದ್ದನ್ನೂ ಬಿಡದೆ ಹೆಕ್ಕುವ ಈ ಕಿವಿಗೆ ಅಂದು ಅದು ಕೇಳಿತ್ತು. ಕೇಳಿಯೂ ತಿಳಿಯಲಿಲ್ಲ. ಅವನ ಮುಷ್ಟಿಯೊಳಗಿದ್ದದ್ದು ತನ್ನ ತಪ್ಪು!

ಎಲ್ಲರೆದುರು ಮೋಸಗಾರನೆಂದೆ... ಅವನು ತಲೆಬಾಗಿ ಹೌದೆಂದ...

ಅವಳಿಗೆ ಭೂಮಿಗಿಳಿದುಹೋಗಬೇಕೆನಿಸಿತು. ನಾಚಿಕೆ ಕಿವಿಯ ತುದಿಯಿಂದ ಅಂಗಾಲಿನವರೆಗೆ ಹರಿಯಿತು. ಅನ್ನ ಸೇರಲಿಲ್ಲ. ಪೇಟೆಗೆ ಹೋಗುವಾಗ ಆ ರಸ್ತೆ ಬಿಟ್ಟು ಸುತ್ತು ದಾರಿ ಹಿಡಿದಳು. ಕ್ಷಮೆ ಕೇಳುವುದನ್ನು ಮೈಕಿನ ಮುಂದೆ ಹನ್ನೆರಡು ಸಲ ಅಭ್ಯಾಸ ಮಾಡಿ ಕೇಳಿ ನೋಡಿದಳು. ಪ್ರತಿ ಸಲವೂ ಬೇರೆ ಯಾರದೋ ಪುಸ್ತಕ ಓದಿದಂತಿತ್ತು. ಹನ್ನೆರಡನ್ನೂ ಅಳಿಸಿಹಾಕಿದಳು.

ಅಂಗಡಿ ಮುಚ್ಚುವ ಹೊತ್ತಿಗೆ, ಯಾರೂ ಇಲ್ಲದಾಗ ಹೋಗಿ ಹೇಳಿಬಿಡಲೇ? ಛೆ! ನಾಲ್ಕು ಜನರ ಮುಂದೆ ಬೈದು, ಕ್ಷಮೆ ಮಾತ್ರ ಮೂಲೆಯಲ್ಲಿ ಕೇಳುವುದೇ?

ಶನಿವಾರ ಮಧ್ಯಾಹ್ನ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಗ ಅವಳು ಒಳಗೆ ನುಗ್ಗಿದಳು. ಅವನು ತಲೆಯೆತ್ತಿದ. ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು.

"ಹದಿನೈದು ದಿನದ ಕೆಳಗೆ ಇಲ್ಲೇ ನಿಂತು ಇವರನ್ನ ಮೋಸಗಾರ ಅಂದಿದ್ದೆ," ಎಂದಳು. "ಮೋಸ ಇರಲಿಲ್ಲ. ಕೂಲರಿನ ಪ್ಲಾಸ್ಟಿಕ್ ತೆಗೀದೆ ಕೂರಿಸಿದ್ದು ನಾನು. ಅದು ಗೊತ್ತಿದ್ದೂ ಇವರು ತಪ್ಪು ತಮ್ಮದು ಅಂದ್ರು. ನಾನು... ನನಗೆ ತುಂಬ ನಾಚಿಕೆ ಆಗ್ತಿದೆ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಂದಿನವರು ಅಲ್ಲಿ ಒಬ್ಬರೂ ಇರಲಿಲ್ಲ!

"ಅಯ್ಯೋ, ನಾನೂ ಅದನ್ನೇ ಮಾಡಿದ್ದೆ ಕಣಮ್ಮ!" ಎಂದಳು ಕೀಬೋರ್ಡ್ ಕೊಳ್ಳಲು ಬಂದಿದ್ದ ದಪ್ಪ ಹೆಂಗಸು. "ನನ್ನ ಗಂಡ ಇವತ್ತಿಗೂ ನೆಂಟರಿಗೆಲ್ಲ ಹೇಳ್ಕೊಂಡು ನಗ್ತಾರೆ."

"ಅದಿರ್ಲಿ, ನನ್ನ ಪ್ರಿಂಟರ್ ಆಯ್ತಾ?" ಎಂದರು ಮುದುಕರೊಬ್ಬರು.

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಗಿರಾಕಿಗಳು ಕರಗುವ ತನಕ ಅವನು ಅವಳನ್ನು ಒಳಮೇಜಿನ ಮುಂದೆ ಕೂರಿಸಿದ. ಆಮೇಲೆ ಎದುರು ಬಂದು ಕೂತ.

"ಯಾಕೆ ಹೇಳಲಿಲ್ಲ?" ಎಂದಳು ಮೇಜು ನೋಡುತ್ತಾ.

"ನಿಮ್ಮ ಭಾವ ಹಿಂದೆ ನಿಂತಿದ್ರು. ನನಗೆ ಬೈದ್ರೆ ಹತ್ತು ನಿಮಿಷ. ನಿಮ್ಮನ್ನ ಹತ್ತು ವರ್ಷ ಹಂಗಿಸ್ತಿದ್ರು."

"ಅದಕ್ಕೆ ನಿಮ್ಮ ಮರ್ಯಾದೆ ಬಿಟ್ಟುಕೊಟ್ರಾ?"

"ನಿಮ್ಮನ್ನ ಕೇಳ್ದೆ ಸುಳ್ಳು ಹೇಳಿದ್ದು ನನ್ನ ತಪ್ಪೇ. ಆಮೇಲೆ ಅನ್ನಿಸ್ತು, ನಿಜ ತಡ್ಕೊಳ್ಳೋಕೆ ನಿಮಗೆ ಆಗಲ್ಲ ಅಂತ ನಾನೂ ತೀರ್ಮಾನ ಮಾಡಿಬಿಟ್ನಲ್ಲ, ಅವರ ಹಾಗೇ."

ಅವಳು ತಲೆಯೆತ್ತಿದಳು. ಅವನ ಕಿವಿಗಳೂ ಕೆಂಪಾಗಿದ್ದವು. ನಾಚಿಕೆಯಲ್ಲೂ ಒಬ್ಬ ಜೊತೆಗಾರ!

"ಆ ಭಾಗಗಳು... ಮಾರಾಟ ಆದ್ವಾ?"

"ಇಬ್ಬರು ಕೇಳಿದ್ರು. ಬೇರೆಯವರದ್ದು ಅಂತ ಹೇಳಿ ಕಳಿಸ್ದೆ." ಅವನು ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಶನಿವಾರ ನೀವು ಬರದಿದ್ರೆ ಅಂಗಡಿ ತುಂಬ ದೊಡ್ಡದು ಅನ್ಸುತ್ತೆ. ಇದನ್ನ ಹೇಗೆ ಹೇಳೋದು ಅಂತ ನನಗೆ ಗೊತ್ತಿಲ್ಲ. ಯಾವ ಚೀಟೀಲೂ ಬರೆದಿಲ್ಲ."

ಅವಳು ಉತ್ತರಿಸಲು ಬಾಯಿ ತೆರೆದಳು. ಮೊದಲು ಬಂದದ್ದು ಉದ್ದನೆಯ ಒಂದು ಉಸಿರು.

"ಸರಿಯಾಗೇ ಹೇಳಿದ್ರಿ," ಎಂದಳು ಕೊನೆಗೆ, ಮೆಲ್ಲಗೆ.

"ಹಾಗಾದ್ರೆ... ಕೂಲರು?"

"ನಾನೇ ಕೂರಿಸ್ತೀನಿ. ನೀವು ನಾಳೆ ಹನ್ನೊಂದಕ್ಕೆ ಮನೆಗೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ. ಭಾನುವಾರ, ಎಲ್ಲರೂ ಇರ್ತಾರೆ."

"ಎಲ್ಲರೂ ಇರುವಾಗಲಾ?"

"ಎಲ್ಲರೂ ಇರುವಾಗಲೇ."

ಮನೆಗೆ ಬಂದಾಗ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಭಾವ ಪೇಪರಿನಿಂದ ಕಣ್ಣೆತ್ತದೆ, "ಎಲ್ಲಿಗೆ ಹೋಗಿತ್ತು ಸವಾರಿ?" ಎಂದರು.

"ಅಂಗಡಿಗೆ. ಕ್ಷಮೆ ಕೇಳೋಕೆ. ಅವತ್ತಿನ ತಪ್ಪು ನನ್ನದಾಗಿತ್ತು ಭಾವ."

ಭಾವ ಪೇಪರು ಇಳಿಸಿದರು. "ಅಂದ್ನಲ್ಲ ನಾನು, ನಿನ್ನ ಆಯ್ಕೆ..."

"ಆಯ್ಕೆ ಸರಿಯಾಗಿತ್ತು. ಅವಸರ ಮಾಡಿದೆ."

ಯಾರೂ ನಗಲಿಲ್ಲ. ಅವಳು ಅಕ್ಕನ ಪಕ್ಕದಲ್ಲಿ ಕೂತು ಒಂದು ಚಾದರದ ತುದಿ ಹಿಡಿದಳು. ಇಬ್ಬರೂ ಎಳೆದು, ಜಾಡಿಸಿ, ಮಡಚಿದರು.

"ನಾಳೆ ಯಾರಾದ್ರೂ ಬರ್ತಾರಾ?" ಎಂದು ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು.

"ಬರ್ತಾರೆ."

ಅಕ್ಕ ಮಡಚಿದ್ದನ್ನು ಗುಡ್ಡೆಯ ಮೇಲಿಟ್ಟಳು. ಅಂಗಡಿಯವನು ಇನ್ನೂ ಕೇಳದ ಪ್ರಶ್ನೆಯೊಂದು ಉಳಿದಿತ್ತು. ಕೇಳಲು ಅವನು ಎಷ್ಟು ದಿನ ತೆಗೆದುಕೊಳ್ಳುತ್ತಾನೋ ಏನೋ. ಮುಂದಿನ ಚಾದರವನ್ನು ಕೈಗೆತ್ತಿಕೊಳ್ಳುತ್ತಾ ಅವಳು ಅದರ ಉತ್ತರವನ್ನು ನಿರ್ಧರಿಸಿಬಿಟ್ಟಳು. ಯಾರನ್ನೂ ಕೇಳಲಿಲ್ಲ. ಯಾರಿಗೂ ಹೇಳಲೂ ಇಲ್ಲ.