ಹೀರೇಹೂವು ಕೊಟ್ಟ ದೂರು

"ನೀವು... ಈರೇಹೂವು ಅಲ್ವಾ?"

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನಿಂದ ಬಂದ ಆ ದನಿಗೆ ದಾನೇಶ್ವರಿಯ ಎದೆ ಧಸಕ್ಕೆಂದಿತು. ಮೊಬೈಲಿನಲ್ಲಿ ತಾನಿಟ್ಟುಕೊಂಡ 'ಹೀರೇಹೂವು' ಎಂಬ ಆ ಹೆಸರು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು!

ತಿರುಗಿದಳು. ಈರುಳ್ಳಿ ಮಂಡಿಯ ಧೂಳು ಮೆತ್ತಿದ ಅಂಗಿಯ ಯುವಕ ನಗುತ್ತಾ ನಿಂತಿದ್ದ.

"ಈ ಬ್ಯಾಗು... ಬ್ಲೌಸ್ ಪೀಸಲ್ಲಿ ನೀವೇ ಒಲ್ದಿದ್ದು. ಫೋಟೊ ಆಕಿದ್ರಲ್ಲ?"

"ಥೂ! ಇಲ್ಲಿಗೂ ಬಂದ್ರಾ ಹಿಂದೆ? ಮಾನ ಮರ್ಯಾದೆ ಇಲ್ವಾ?"

ಜನ ತಿರುಗಿ ನೋಡಿದರು. ಅವನ ಮುಖ ಬಿಳಿಚಿಕೊಂಡಿತು. ಅವಳು ಸಿಕ್ಕಿದ ಬಸ್ಸು ಹತ್ತಿಬಿಟ್ಟಳು.

ಹೋದ ವರ್ಷ ಚೆಂಡುಹೂವಿನ ಹೊಲದಲ್ಲಿ ನಿಂತ ಫೋಟೊವನ್ನು ಎಲ್ಲರೂ ಇರುವ ಆ ದೊಡ್ಡ ಆ್ಯಪ್‌ನಲ್ಲಿ ಹಾಕಿದ್ದಳು. ಹೂವಿನ ಬಗ್ಗೆ ಒಬ್ಬನಾದರೂ ಬರೆದನೇ? ಬರೆದದ್ದೆಲ್ಲ ಅವಳ ಮೈಯ ಬಗ್ಗೆ. ಅಕ್ಕತಂಗಿಯರಿರುವ ಗಂಡಸರೇ, ಸ್ವಂತ ಹೆಸರಿನಲ್ಲೇ! ಸ್ನಾನ ಮಾಡಿದರೂ ಹೋಗದಂಥ ಹೇಸಿಗೆ.

ಆಮೇಲೆ ಗೆಳತಿಯೊಬ್ಬಳು ಬೇರೆ ಥರದ ಜಾಲತಾಣವೊಂದನ್ನು ತೋರಿಸಿದಳು. ಅಲ್ಲಿ ಒಂದೇ ಕಂಪನಿಯ ಯಜಮಾನಿಕೆ ಇಲ್ಲ. ಒಂದೊಂದು ಮನೆಯ ಹಾಗೆ ಪುಟ್ಟ ಪುಟ್ಟ ಸರ್ವರ್‌ಗಳು, ಒಂದೊಂದನ್ನೂ ಯಾರೋ ನಡೆಸುತ್ತಾರೆ, ಅವರವರದೇ ನಿಯಮ. ಮೊದಲು ಹೊಕ್ಕದ್ದು ಅದೇ ಕೊಳಕು ಬಾಯಿಗಳ ಗುಂಪು. ಆಮೇಲಿನದರಲ್ಲಿ ಬರೀ ಕಂಪ್ಯೂಟರ್ ಪುರಾಣ. ಕೊನೆಗೆ ಸಿಕ್ಕಿತು 'ಹಿತ್ತಲು', ಮನೆ ಹಿಂದೆ ತರಕಾರಿ ಬೆಳೆಯುವವರ ಸರ್ವರ್. ಹೊಸಬರು ಬಂದರೆ "ಊಟ ಆಯ್ತಾ?" ಎಂದು ವಿಚಾರಿಸುವ ಜನ. ಯಾರ ಗುರುತನ್ನೂ ಕೆದಕುವಂತಿಲ್ಲ, ಕೆದಕಿದವರು ಹೊರಗೆ.

ಅಲ್ಲಿ 'ಬಸಳೆ' ಎಂಬ ಹೆಸರಿನವನೊಬ್ಬ ಅವಳ ಬದನೆ ಗಿಡದ ಹುಳದಿಂದ ಹಿಡಿದು ಮನಸ್ಸಿನ ಬೇಸರದವರೆಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನವೂ ಮುಖ ತೋರಿಸು ಎಂದವನಲ್ಲ. ಅವನ ಮಾತು ಬಾರದ ಸಂಜೆ ಅವಳಿಗೆ ಏನೂ ರುಚಿಸುತ್ತಿರಲಿಲ್ಲ.

ಹೀರೇಹೂವು ಎಂಬ ಹೆಸರೂ ಬ್ಯಾಗಿನ ಫೋಟೊವೂ ಇದ್ದದ್ದು ಹಿತ್ತಲಿನಲ್ಲಿ ಮಾತ್ರ. ಬಸ್ಸಿನಲ್ಲಿ ಕೂತೇ ಅದನ್ನು ನಡೆಸುವವರಿಗೆ ದೂರು ಬರೆದಳು. 'ನಿಮ್ಮಲ್ಲೊಬ್ಬ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಗಟ್ಟಿದ. ಅಸಹ್ಯ! ಅವನನ್ನು ಓಡಿಸಿ.'

ಸಂಜೆ ಬಸಳೆಯ ಹತ್ತಿರ ಹೇಳಿಕೊಂಡು ಅಳೋಣವೆಂದು ನೋಡಿದರೆ... ಅವನ ಖಾತೆಯೇ ಇಲ್ಲ!

ಮರುದಿನ ಹಿತ್ತಲನ್ನು ನಡೆಸಲು ನೆರವಾಗುವ ಹಿರಿಯರಾದ ಚಾಮರಾಜನಗರದ ಚಂದ್ರಮತಿ ಟೀಚರ್ ಅಲ್ಲೇ ಧ್ವನಿ ಸಂದೇಶ ಕಳಿಸಿದರು.

"ನಿನ್ನ ಅಡ್ಡಗಟ್ಟಿದ್ನಲ್ಲ, ನಿನ್ ದೂರು ಅವನ್ ಕೈಗೇ ಓಗಿತ್ತು ಕಣಮ್ಮಿ. ಇತ್ತಲು ಕಟ್ಟಿದವ್ನೇ ಅವ್ನು, ನಿಮ್ಮೂರ ಈರುಳ್ಳಿ ಮಂಡಿಲಿರೋ ಮಾದೇಶ. ಬಸಳೆ ಅಂದ್ರೂ ಅವ್ನೇ. 'ನನ್ ತಪ್ಪಿಗೆ ನಾನೇ ತೀರ್ಪು ಕೊಡಕಾಯ್ತದಾ ಟೀಚರ್? ನನ್ನ ಆಚೆಗಾಕಿ' ಅಂದ. ಆಕ್ದೆ. ಯಾರೋ ಏನೋ ಅಂತ ನೀನು ಎದ್ರಿಕೊಂಡಿರ್ಬಾರ್ದು, ನನ್ ಹೆಸ್ರು ಹೇಳ್ಬುಡಿ ಅಂದವ್ನೆ."

ದಾನೇಶ್ವರಿಗೆ ಹೇಸಿಗೆ ಇನ್ನೂ ಹೋಗಿರಲಿಲ್ಲ. ಜೊತೆಗೆ ಅಳು ಬೇರೆ! ಎರಡೂ ಒಟ್ಟಿಗೆ ಬಂದರೆ ಹೆಣ್ಣು ಏನು ಮಾಡಬೇಕು? ಎದ್ದವಳೇ ಮಂಡಿಗೆ ಹೋದಳು.

ಅವಳನ್ನು ಕಂಡ ಮಾದೇಶ ಹಿಂದೆ ಸರಿದು ನಿಂತ.

"ಅವತ್ತು ಅಸಹ್ಯ ಆಯ್ತು. ಈಗ್ಲೂ ಇಲ್ಲ ಅನ್ನಲ್ಲ."

"ಆಗ್ಬೇಕಾದ್ದೇ ಕಣ್ರೀ. ನಿಯಮ ಬರೆದವ್ನು ನಾನು, ಮುರಿದವ್ನೂ ನಾನೇ."

"ಯಾಕೆ ಮಾತಾಡ್ಸಿದ್ರಿ?"

"ಮುಖ ನೋಡ್ದೆಲೇ ಮನಸು ಕೊಟ್ಬುಟ್ಟಿದ್ದೆ... ನೀವೇ ಎದ್ರಿಗೆ ನಿಂತಿದ್ರಲ್ಲ, ಬಾಯಿ ತಡೀನಿಲ್ಲ. ಇನ್ಮೇಲೆ ನಿಮ್ ಕಣ್ಣಿಗೆ ಬೀಳಕಿಲ್ಲ, ಬುಡಿ."

"ಅದನ್ನೂ ನೀವೇ ತೀರ್ಮಾನ ಮಾಡ್ಬುಡ್ತೀರಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಂಗೂ ಮನಸಿತ್ತು. ಅದ್ಕೇ ಈ ಸಿಟ್ಟು! ಒಂದಿನ ನಾನಾಗೇ ಹೇಳ್ಬೇಕು ಅಂತಿದ್ದೆ, ಅದ್ನ ಕಿತ್ಕೊಂಡ್ರಿ."

"ಏನ್ ಹೇಳ್ಬೇಕು ಅಂತಿದ್ರಿ?"

ಅವಳು ಕಣ್ಣೊರೆಸಿಕೊಂಡಳು.

"ದಾನೇಶ್ವರಿ. ನನ್ ಹೆಸ್ರು ದಾನೇಶ್ವರಿ."

"ಹಂಗೇ... ಕರೀಬೋದಾ?"

"ಕರೀರಿ. ಈ ಸಲ ಓಡೋಗಕಿಲ್ಲ."