ಗೆರೆಯ ಕೆಳಗಿನ ಮೊದಲ ಹೆಸರು

"ಮೇರಿಮ್ ಅಂದ್ರೆ ನೀವೇನಾ?"

ಬೆನ್ನ ಹಿಂದಿನ ದನಿಗೆ ಮೇರಿಮ್ ಬೆಚ್ಚಿಬಿದ್ದಳು. ರಾಜಧಾನಿ ಬಿಷ್ಕೆಕ್‌ನ ವೈದ್ಯಕೀಯ ವಿಶ್ವವಿದ್ಯಾಲಯದ ಗೋಡೆಯ ಮೇಲೆ ಆಗತಾನೇ ಅಂಟಿಸಿದ್ದ ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದಳು. ಬೆಟ್ಟದೂರಿನ ಮಕ್ಕಳಿಗೆ ಬೇರೆಯದೇ ಪಟ್ಟಿ. ಇದ್ದದ್ದು ನಾಲ್ಕೇ ಸೀಟು. ನಾಲ್ಕನೆಯದು ಅವಳದು! ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ ಸೀಟಿಗೆ ಕಾಯುವವರ ಹೆಸರು.

"ಹೌದು... ಯಾಕೆ?"

"ಮೂರು ಕಡೆ ಸೀಟು ಸಿಕ್ಕಿದೆಯಂತಲ್ಲ! ನಿಮ್ಮ ಅಕ್ಕ ಗೇಟ್ ಹತ್ರ ಊರಿಗೆಲ್ಲಾ ಸಾರ್ತಿದ್ದಾರೆ."

ಅಕ್ಕ ಎಂದರೆ ದೊಡ್ಡಪ್ಪನ ಮಗಳು ಜಮೀರಾ. ಅವಳ ಬಾಯಿಗೆ ಬೀಗವೇ ಇಲ್ಲ. ಮೇರಿಮ್ ನಾಚಿ ತಿರುಗಿ ನೋಡಿದಳು. ಎತ್ತರದ ಹುಡುಗ, ಗಾಳಿಗೆ ಸುಟ್ಟು ಕೆಂಪಾದ ಕೆನ್ನೆ.

"ನಾನು ಕುಟ್ಮಾನ್. ನಿಮ್ಮ ನಾರಿನ್ ಬೆಟ್ಟದ ಕಡೆಯವನೇ. ಈ ಕೆನ್ನೆ ನೋಡಿದ್ರೆ ಗೊತ್ತಾಗಲ್ವಾ?"

ಅವಳು ನಕ್ಕುಬಿಟ್ಟಳು. ಆ ನಗೆಯಲ್ಲೇ ಎಲ್ಲ ಶುರುವಾದದ್ದು ನೋಡಿ...

ಮೂರು ಸೀಟು ಎಂದರೆ ಸುಮ್ಮನೆಯೇ? ಇಲ್ಲಿ ವೈದ್ಯಕೀಯ, ಅದು ಅವಳ ಆಸೆ. ನಾರಿನ್‌ನಲ್ಲಿ ಶಿಕ್ಷಕರ ತರಬೇತಿ, ಅದು ಅಪ್ಪನ ಹಟ. ಓಶ್‌ನಲ್ಲಿ ಫಾರ್ಮಸಿ, ಅರ್ಜಿಯಲ್ಲಿ ಜಾಗ ಖಾಲಿ ಇತ್ತೆಂದು ತುಂಬಿದ್ದು! ಆದರೆ ಪರೀಕ್ಷೆಯ ಪ್ರಮಾಣಪತ್ರದಲ್ಲಿದ್ದ ಚೀಟಿ ಒಂದೇ. ಅದನ್ನು ಹರಿದು ಯಾವ ಕಿಟಕಿಯಲ್ಲಿ ಕೊಡುತ್ತೀರೋ ಅಲ್ಲೇ ಓದು. ಮೂರನೆಯ ದಿನ ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತದೆ. ಕೊಟ್ಟ ಚೀಟಿ ವಾಪಸು ಬರುವುದಿಲ್ಲ. ಬಿಟ್ಟ ಸೀಟು ಪಟ್ಟಿಯಲ್ಲಿ ಗೆರೆಯ ಕೆಳಗಿರುವವರಿಗೆ.

"ನಾರಿನ್‌ನಲ್ಲೇ ಟೀಚರ್ ಆದ್ರೆ ಚೆನ್ನಾಗಿರಲ್ವಾ?" ಆ ಮೊದಲ ದಿನವೇ ಕುಟ್ಮಾನ್ ಕೇಳಿದ್ದ. "ಮನೆ ಹತ್ರ. ಅಮ್ಮನ ಅಡುಗೆ."

"ಅಯ್ಯೋ, ನೀವೂ ನಮ್ಮಪ್ಪನ ಥರಾನೇ!" ಎಂದು ಅವಳು ಮುಖ ಊದಿಸಿದ್ದಳು.

ಎರಡನೆಯ ದಿನ ಅವನೇ ಹುಡುಕಿಕೊಂಡು ಬಂದ. ರಸ್ತೆ ಬದಿಯ ಪೀಪಾಯಿಯ ಮುಂದೆ ನಿಂತು ಇಬ್ಬರೂ ಧಾನ್ಯ ಹುಳಿಸಿ ಮಾಡಿದ ತಣ್ಣನೆಯ ಮಕ್ಸಿಮ್ ಕುಡಿದರು. ಆ ಹುಳಿಗೆ ಅವಳ ಮೂಗು ಸೊಟ್ಟಗಾದದ್ದು ನೋಡಿ ಅವನಿಗೆ ನಗು ತಡೆಯಲಿಲ್ಲ. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಎರಡು ವರ್ಷದಿಂದ ನಾರಿನ್ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಹೊರುತ್ತಿದ್ದೇನೆ ಎಂದ. ರಾತ್ರಿ ಪಾಳಿಯ ಒಬ್ಬನೇ ಡಾಕ್ಟರು ನಿಂತಲ್ಲೇ ನಿದ್ದೆ ಮಾಡುತ್ತಾರೆ ಎಂದ. ತನಗೆ ಇದೇ ಊರಿನ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎಂದ.

ಆಮೇಲೆ ಇದ್ದಕ್ಕಿದ್ದಂತೆ, "ನೀನು ಡಾಕ್ಟರೇ ಆಗು ಮೇರಿಮ್. ಅಪ್ಪಂಗೆ ಈಗಲೇ ಫೋನ್ ಮಾಡು. ನಾನಿಲ್ಲೇ ನಿಂತಿರ್ತೀನಿ," ಎಂದ.

ಅವಳು ಮಾಡಿಯೇಬಿಟ್ಟಳು. "ಆರು ವರ್ಷ ಓದಿ ಮುದುಕಿಯಾಗ್ತೀಯಾ! ಆಮೇಲೆ ಯಾರು ಕಟ್ಕೋತಾರೆ?" ಎಂದು ಅಪ್ಪ ಗುಡುಗಿದರು. ಕೊನೆಗೆ, "ಚೀಟಿ ನಿನ್ನ ಕೈಲಿದೆ, ನನ್ನನ್ಯಾಕೆ ಕೇಳ್ತೀಯಾ?" ಎಂದು ಫೋನ್ ಇಟ್ಟರು.

ಮೇರಿಮ್ ಅತ್ತಳು. ಅವನು ಸುಮ್ಮನೆ ತನ್ನ ಕರವಸ್ತ್ರ ಕೊಟ್ಟ. 'ಇವನು ಆರು ವರ್ಷವೂ ಹೀಗೇ ಪಕ್ಕದಲ್ಲಿದ್ದರೆ...' ಎಂದುಕೊಂಡು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಮೂರನೆಯ ದಿನ ಮಧ್ಯಾಹ್ನ ಕಿಟಕಿಯ ಸಾಲಿನಲ್ಲಿ ನಿಂತಿದ್ದಾಗ ಜಮೀರಾ ಏದುಸಿರು ಬಿಡುತ್ತ ಬಂದಳು.

"ನಿನ್ನ ಆ ಕೆಂಪು ಕೆನ್ನೆಯವನು ಯಾರು ಗೊತ್ತೇನೇ? ಗೆರೆ ಕೆಳಗಿನ ಮೊದಲನೇ ಹೆಸರು ಅವನದೇ! ನೀನು ಬಿಟ್ರೆ ಸೀಟು ಅವನಿಗೆ. ಇಲ್ದಿದ್ರೆ ಯಾವನು ನಿಂಗೆ ಪುಕ್ಕಟೆ ಮಕ್ಸಿಮ್ ಕುಡಿಸ್ತಾನೆ?"

ಮೇರಿಮ್‌ಗೆ ಮೊದಲ ದಿನದ ಅವನ ಮಾತು ನೆನಪಾಯಿತು. 'ನಾರಿನ್‌ನಲ್ಲೇ ಟೀಚರ್ ಆದ್ರೆ ಚೆನ್ನಾಗಿರಲ್ವಾ...' ಥೂ! ಅದಕ್ಕೇನಾ?

ಅಷ್ಟರಲ್ಲಿ ಅವನು ಕೈಯಲ್ಲಿ ಬಿಸಿ ಸಮೊಸಾದ ಪೊಟ್ಟಣ ಹಿಡಿದು, ನಗುತ್ತ ಬಂದ.

"ನನ್ನ ಸೀಟಿಗೋಸ್ಕರ ಬಂದ್ಯಾ?"

ಕುಟ್ಮಾನ್‌ನ ನಗು ಮಾಯವಾಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಮೊದಲನೇ ದಿನ... ಹೌದು. ಹೋದ ವರ್ಷಾನೂ ಗೆರೆ ಕೆಳಗೇ ಇದ್ದೆ ಮೇರಿಮ್. ನಿನ್ನ ಮನಸ್ಸು ಬದಲಾಯಿಸೋಣ ಅಂತಾನೇ ಬಂದೆ. ಆದ್ರೆ ಎರಡನೇ ದಿನ ನಿನ್ನನ್ನ ನೋಡಕ್ಕೆ ಬಂದೆ."

"ಆಹಾ! ಎಷ್ಟು ಚೆನ್ನಾಗಿ ಮಾತಾಡ್ತೀಯಾ!"

"ನಿಜ ಹೇಳ್ತಿದೀನಿ."

"ನಿಂಗೆ ಪಶುವೈದ್ಯದಲ್ಲಿ ಸಿಕ್ಕಿದೆ ಅಂದೆಯಲ್ಲ? ಸೀಟಿಗೋಸ್ಕರ ಅಲ್ದಿದ್ರೆ ಹೋಗು, ನಿನ್ನ ಚೀಟಿ ಅಲ್ಲಿ ಕೊಟ್ಟು ಬಾ! ಈಗಲೇ! ಆಗ ನಂಬ್ತೀನಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಗೋಡೆಯ ಗಡಿಯಾರ ನೋಡಿದ. ನಾಲ್ಕು ಗಂಟೆ. ಪೊಟ್ಟಣವನ್ನು ಜಮೀರಾಳ ಕೈಗಿಟ್ಟು ಹೊರಟುಹೋದ.

ಅಯ್ಯೋ ಹುಡುಗಿ, ಒಂದು ಸಲ ಕೂಗಿ ಕರೆಯಬಾರದಿತ್ತೇ? ಕರೆಯಲಿಲ್ಲ. ಹಲ್ಲು ಕಚ್ಚಿಕೊಂಡು ತನ್ನ ಚೀಟಿ ಹರಿದು ಕಿಟಕಿಯೊಳಗೆ ಕೊಟ್ಟಳು.

ಐದೂವರೆಗೆ ಅವನು ಬೆವರಿ ತೊಪ್ಪೆಯಾಗಿ ಬಂದು, ಪಶುವೈದ್ಯ ಕಾಲೇಜಿನ ರಸೀತಿಯನ್ನು ಅವಳ ಮುಂದೆ ಹಿಡಿದ.

"ನಂಬಿದ್ಯಾ?"

ಉತ್ತರಕ್ಕೂ ಕಾಯದೆ ಅವನು ತಿರುಗಿ ಹೊರಟೇಹೋದ. "ಹುಚ್ಚ ಕಣೇ ಇವನು," ಎಂದಳು ಜಮೀರಾ, ಮೊದಲ ಬಾರಿಗೆ ಮೆಲ್ಲಗೆ.

ಸೋಮವಾರ ಹೊಸ ಪಟ್ಟಿ ಬಂತು. ಬೆಟ್ಟದ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದವನು ಕೊನೆಗಳಿಗೆಯಲ್ಲಿ ಚೀಟಿಯನ್ನು ಬೇರೆ ಕಡೆ ಕೊಟ್ಟಿದ್ದ. ಒಂದು ಸೀಟು ಖಾಲಿಯಾಗಿತ್ತು! ಗೆರೆಯ ಕೆಳಗಿನ ಮೊದಲ ಹೆಸರಿಗೆ ಸಿಗಬೇಕಾದದ್ದು. ಆ ಹೆಸರಿನ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಿತ್ತು. ಸೀಟು ಅದರ ಕೆಳಗಿನವನಿಗೆ ಹೋಗಿತ್ತು.

ಮೇರಿಮ್ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. 'ನಾನೇ... ನಾನೇ ಕಳಿಸಿದೆ ಅವನನ್ನ!'

ಪಶುವೈದ್ಯ ಕಾಲೇಜಿಗೆ ಓಡಿದಳು. ಕಿಟಕಿಯ ಹೆಂಗಸಿನ ಮುಂದೆ ಕೈ ಮುಗಿದು ಬೇಡಿಕೊಂಡಳು.

"ಹರಿದ ಚೀಟಿ ಅಂಟಿಸಕ್ಕಾಗುತ್ತಾ ಮಗಳೇ?" ಆಕೆ ಕನಿಕರದಿಂದ ಎಂದಳು. "ಆ ಹುಡುಗ ಬೆಳಿಗ್ಗೆನೇ ಬಂದು ಕೇಳಿ ಹೋದ."

ಅಂದರೆ ಅವನಿಗೆ ಗೊತ್ತಾಗಿದೆ.

ಕುಟ್ಮಾನ್ ಹಿತ್ತಲಿನ ಕುದುರೆ ಲಾಯದ ಬೇಲಿಗೆ ಒರಗಿ ಕೂತಿದ್ದ. ಕಣ್ಣುಗಳು ಕೆಂಪಾಗಿದ್ದವು. ಅವಳನ್ನು ಕಂಡು ಮುಖ ತಿರುಗಿಸಿದ.

"ನಾನೂ ಬಿಟ್ಬಿಡ್ತೀನಿ ಕುಟ್ಮಾನ್. ನಂಗೂ ಬೇಡ!"

"ಬಾಯಿ ಮುಚ್ಚು. ನೀನು ಬಿಟ್ರೆ ಇನ್ಯಾರಿಗೋ ಹೋಗುತ್ತೆ. ನನಗೇನು ಬಂತು?"

ಅವಳು ಬೇಲಿಯ ಇನ್ನೊಂದು ತುದಿಯಲ್ಲಿ ಕುಸಿದು ಕೂತಳು.

"ನಿನ್ನನ್ನ ಪ್ರೀತಿಸ್ತಿದೀನಿ ಅಂತ ಮೊನ್ನೆನೇ ಗೊತ್ತಿತ್ತು," ಎಂದಳು ಬಿಕ್ಕುತ್ತ. "ಗೊತ್ತಿದ್ದೇ ಹಾಗಂದೆ. ಮೋಸ ಹೋದ್ನೇನೋ ಅಂತ ಹೊಟ್ಟೆ ಉರೀತು... ನನ್ನ ಮೇಲೆ ಕೋಪಾನಾ?"

"ತುಂಬಾ."

"ಹೋಗ್ಲಾ ಹಾಗಾದ್ರೆ?"

"ಕೋಪ ಅಂದೆ. ಹೋಗು ಅಂದ್ನಾ?"

ಅವಳು ಕಣ್ಣೊರೆಸಿಕೊಂಡು ನಿಧಾನವಾಗಿ ಅವನ ಪಕ್ಕಕ್ಕೆ ಸರಿದು ಕೂತಳು. ಅವನು ದೂರ ಸರಿಯಲಿಲ್ಲ.

"ನೀನು ಬಿಳಿ ಕೋಟು ಹಾಕ್ಕೊಂಡು ಎದುರಿಗೆ ಬಂದಾಗೆಲ್ಲಾ ಕರುಳು ಚುರುಕ್ ಅನ್ನುತ್ತೆ ಮೇರಿಮ್. ಆರು ವರ್ಷಾನೂ."

"ಹಾಗಿದ್ರೆ... ನಿನ್ನ ಮುಂದೆ ಬರಲ್ಲ."

ಕುಟ್ಮಾನ್ ಅವಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡ.

"ಬರ್ಬೇಕು. ದಿನಾ ಬರ್ಬೇಕು."